‘ಸ್ಕ್ವಾಂಡರ್’ (squander) ಬರೆಯುವ ಮುಂಚೆ ಒಮ್ಮೆ ಯೋಚಿಸಿ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ನಮ್ಮ ಕನ್ನಡ ಮೀಡಿಯಂ ಮಕ್ಕಳಿಗೆ ಇದು ಉಪಯೋಗ ಆಗಬಹುದು. ನಿನ್ನೆ ಅಕ್ಕನ ಮಗಳು ಇಂಗ್ಲಿಷ್ ಪ್ರಬಂಧ ತೋರಿಸಿದಳು. ‘ಕೊಳೆರೋಗದಿಂದ ಅಡಿಕೆ ಸ್ಕ್ವಾಂಡರ್ ಆಯಿತು’ ಎಂಬ ಅರ್ಥದಲ್ಲಿ ಒಂದು ವಾಕ್ಯ ಬರೆದಿದ್ದಳು. ಡಿಕ್ಷನರಿಯಲ್ಲಿ ‘ಹಾಳುಮಾಡು’ ಅಂತ ನೋಡಿದ್ದಳಂತೆ. ಪಾಪ, ಅವಳ ತಪ್ಪಲ್ಲ.

ಈ ಪದಕ್ಕೆ ಮಾಡುವವನೊಬ್ಬ ಬೇಕು. ಕೈಯಲ್ಲಿದ್ದ ಒಳ್ಳೆಯದನ್ನು ಅವನೇ ಅಜಾಗ್ರತೆಯಿಂದ ಕಳೆದಿರಬೇಕು. ನಮ್ಮ ಮಾತಲ್ಲಿ ‘ಕೈಯಾರೆ ಹಾಳು ಮಾಡಿಕೊಂಡ’ ಅನ್ನುತ್ತೇವೆ ಅಲ್ವಾ, ಅದೇ. ಮಳೆಗೆ ಕೊಳೆತ ಅಡಿಕೆಗೆ ಅದು ಹೊಂದುವುದಿಲ್ಲ. ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗದಿಂದ ಸಣ್ಣ ಧಾರೆಯಾಗಿ ಬಂದು ರಾತ್ರಿಯಿಡೀ ಟ್ಯಾಂಕಿಯಲ್ಲಿ ತುಂಬಿದ ನೀರು ಇದೆಯಲ್ಲ, ಎಪ್ರಿಲ್ ತಿಂಗಳಲ್ಲಿ ಅದನ್ನು ಪೈಪ್ ತೆರೆದು ಸುಮ್ನೆ ಹರಿಯಬಿಟ್ಟರೆ ಅದು ಸ್ಕ್ವಾಂಡರ್. ಬಿಸಿಲಿಗೆ ಆರಿದರೆ ಅಲ್ಲ.

ಜಾಸ್ತಿ ಬಳಕೆ ಹಣ, ಸಮಯ, ಅವಕಾಶ, ಪ್ರತಿಭೆಗೆ. ‘ಹಿ ಸ್ಕ್ವಾಂಡರ್ಡ್ ಹಿಸ್ ಟ್ಯಾಲೆಂಟ್’ ಅಂದರೆ ಪ್ರತಿಭೆ ಇತ್ತು, ಅವನು ಅದನ್ನು ಬೆಳೆಸಲಿಲ್ಲ. ಯಾವುದಕ್ಕೆ ಸುರಿದ ಅಂತ ಹೇಳಲು ಮುಂದೆ ‘ಆನ್’ ಸೇರಿಸಿ. ಕ್ರಿಕೆಟ್ ವರದಿಯಲ್ಲೂ ಸಿಗುತ್ತದೆ: ಗೆಲ್ಲುವ ಹಂತದಲ್ಲಿದ್ದ ತಂಡ ಲೀಡ್ ಬಿಟ್ಟುಕೊಟ್ಟಾಗ.

ಇದರಲ್ಲಿ ದೂರುವ ದನಿ ಇದೆ. ಹಾಗಾಗಿ ಬಡತನದಿಂದ ಓದು ಬಿಟ್ಟವರ ಬಗ್ಗೆ ದಯವಿಟ್ಟು ಬಳಸಬೇಡಿ. ಅಲ್ಲಿ ‘ವೇಸ್ಟೆಡ್ ಪೊಟೆನ್ಶಿಯಲ್’ ಸಾಕು, ಅದು ಯಾರ ಮೇಲೂ ಬೊಟ್ಟು ಮಾಡುವುದಿಲ್ಲ.