ಜೇಡಿಮಣ್ಣು ಹಿಂದೆ ಹೊತ್ತ ಭಾರ: ಕೋನ್ ಪರೀಕ್ಷೆಯಿಂದ ಲೆಕ್ಕ ಹಾಕುವುದು ಹೇಗೆ?

ಲಂಡನ್ ನಗರದ ಅಡಿಯ ಜೇಡಿಮಣ್ಣು ಒಂದು ಕಾಲಕ್ಕೆ ಇಂದಿಗಿಂತ ಎಷ್ಟೋ ಹೆಚ್ಚು ಭಾರ ಹೊತ್ತಿತ್ತು. ಮೇಲಿನ ಪದರಗಳು ಸವೆದು ಹೋದವು, ಮಣ್ಣಿನ ಬಿಗಿ ಮಾತ್ರ ಉಳಿಯಿತು. ಹೊಸ ಕಟ್ಟಡದ ಭಾರ ಈ ಹಳೆಯ ಗರಿಷ್ಠದೊಳಗೇ ಇದ್ದರೆ ನೆಲ ಕುಸಿಯುವುದು ಅಲ್ಪ. ಮೀರಿತೋ, ಕುಸಿತ ಹಲವು ಪಟ್ಟು. ಆ ಗರಿಷ್ಠ ಒತ್ತಡವನ್ನು ಇಂದಿನ ಪರಿಣಾಮಕಾರಿ ಒತ್ತಡದಿಂದ (ಒಟ್ಟು ಒತ್ತಡದಲ್ಲಿ ನೀರಿನ ಒತ್ತಡ ಕಳೆದು ಉಳಿಯುವುದು, ಮಣ್ಣಿನ ಕಣಗಳು ಹೊರುವ ಪಾಲು) ಭಾಗಿಸಿದರೆ ಸಿಗುವ ಸಂಖ್ಯೆಯೇ ಓಸಿಆರ್ (ಓವರ್‌ಕನ್ಸಾಲಿಡೇಶನ್ ರೇಶಿಯೊ).

ಇದನ್ನು ಪ್ರಯೋಗಾಲಯದಲ್ಲಿ ಈಡೋಮೀಟರ್‌ನಿಂದ, ಅಂದರೆ ಮಣ್ಣಿನ ಮಾದರಿಯ ಮೇಲೆ ಹಂತಹಂತವಾಗಿ ಭಾರ ಹೇರಿ ಅದು ಎಷ್ಟು ಕುಗ್ಗುತ್ತದೆಂದು ಅಳೆಯುವ ಉಪಕರಣದಿಂದ, ಕಂಡುಕೊಳ್ಳಬಹುದು. ಆದರೆ ಮೆದು ಜೇಡಿಮಣ್ಣನ್ನು ಕದಡದೆ ಮೇಲೆತ್ತುವುದು ಕಷ್ಟ, ಪರೀಕ್ಷೆಯೂ ನಿಧಾನ. ಶಂಕುವಿನಾಕಾರದ ತುದಿಯ ಸರಳನ್ನು ನೆಲಕ್ಕೆ ಒತ್ತುವ ಕೋನ್ ಪರೀಕ್ಷೆಯಾದರೆ ಆಳದುದ್ದಕ್ಕೂ ಬಿಡದೆ ಮಾಹಿತಿ ಕೊಡುತ್ತದೆ.

ಮೊದಲು ಉಪಕರಣ. 60 ಡಿಗ್ರಿ ಕೋನದ ತುದಿ, 10 ಚದರ ಸೆಂ.ಮೀ. ಅಡ್ಡಕೊಯ್ತ, ಸೆಕೆಂಡಿಗೆ 2 ಸೆಂ.ಮೀ. ವೇಗದಲ್ಲಿ ನೆಲಕ್ಕೆ ಒತ್ತಬೇಕು. ತುದಿಯ ಹಿಂದೆಯೇ ನೀರಿನ ಒತ್ತಡ ಅಳೆಯುವ ಸೂಕ್ಷ್ಮರಂಧ್ರದ ಉಂಗುರವಿರುತ್ತದೆ. ಅದರಲ್ಲಿ ಗ್ಲಿಸರಿನ್ ಅಥವಾ ಸಿಲಿಕೋನ್ ಎಣ್ಣೆ ತುಂಬಿ ಗಾಳಿಯನ್ನು ಪೂರ್ತಿ ಹೊರಹಾಕಿರಬೇಕು. ಒಂದು ಗುಳ್ಳೆ ಉಳಿದರೂ ನೀರಿನೊತ್ತಡದ ಗೆರೆ ಮಂದವಾಗಿ ಏರುತ್ತದೆ, ಪದರ ಬದಲಾದಾಗಲೂ ತಡವರಿಸುತ್ತದೆ. ಅಂಥ ದಾಖಲೆಯನ್ನು ಬದಿಗಿಡುವುದೇ ಲೇಸು.

ಇನ್ನು ಲೆಕ್ಕ. 10 ಮೀಟರ್ ಆಳದಲ್ಲಿ ತುದಿಯ ಪ್ರತಿರೋಧ 420 ಕಿಲೋಪಾಸ್ಕಲ್, ಅಲ್ಲಿನ ನೀರಿನೊತ್ತಡ 300 ಬಂದಿದೆ ಎಂದುಕೊಳ್ಳಿ. ಮಣ್ಣಿನ ತೂಕ ಘನ ಮೀಟರಿಗೆ 16 ಕಿಲೋನ್ಯೂಟನ್. ಅಂತರ್ಜಲ 1 ಮೀಟರ್ ಕೆಳಗೆ. ಹಾಗಾದರೆ ಒಟ್ಟು ಒತ್ತಡ 160, ನಿಂತ ನೀರಿನ ಒತ್ತಡ ಸುಮಾರು 88, ಪರಿಣಾಮಕಾರಿ ಒತ್ತಡ 72.

ಮುಂದಿನ ಹೆಜ್ಜೆಯನ್ನೇ ಜನ ಹಾರಿಸಿಬಿಡುತ್ತಾರೆ. ತುದಿಯ ಹಿಂದಿನ ಸಂದಿನಲ್ಲೂ ನೀರು ಒತ್ತುವುದರಿಂದ ಕೋನ್ ನಿಜಕ್ಕಿಂತ ಕಡಿಮೆ ಪ್ರತಿರೋಧ ತೋರಿಸುತ್ತದೆ. ಉಪಕರಣದ ಕ್ಷೇತ್ರ ಅನುಪಾತ (ಆ ಸಂದಿನ ನೀರು ಒತ್ತದ ಅಡ್ಡಕೊಯ್ತದ ಪಾಲು) 0.8 ಇದ್ದರೆ 300ರಲ್ಲಿ ಶೇ 20, ಅಂದರೆ 60 ಸೇರಿಸಿ: 480. ಅದರಿಂದ 160 ಕಳೆದರೆ ನಿವ್ವಳ ಪ್ರತಿರೋಧ 320. ಇದರ 0.33 ಪಟ್ಟು, ಅಂದರೆ ಸುಮಾರು 106 ಕಿಲೋಪಾಸ್ಕಲ್, ಹಳೆಯ ಗರಿಷ್ಠ. ಓಸಿಆರ್ 1.5ರ ಹತ್ತಿರ. 0.33 ಎಂಬುದು ಭೂತಂತ್ರ ಎಂಜಿನಿಯರ್‌ಗಳಾದ ಕುಲ್ಹಾವಿ ಮತ್ತು ಮೇನ್ 1990ರಲ್ಲಿ ಮುಂದಿಟ್ಟ ಗುಣಾಂಕ. ತಿದ್ದುಪಡಿ ಬಿಟ್ಟಿದ್ದರೆ ಸಿಗುತ್ತಿದ್ದುದು 86, ಓಸಿಆರ್ 1.2. ಮೆದು ಮಣ್ಣಿನ ಮೇಲೆ ಒಡ್ಡು ಕಟ್ಟುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಇಷ್ಟಕ್ಕೇ ನಂಬಬೇಡಿ, ಇನ್ನೆರಡು ದಾರಿಯಿಂದ ತಾಳೆ ನೋಡಿ. ಅಳೆದ 300ರಲ್ಲಿ ನಿಂತ ನೀರಿನ 88 ಕಳೆದರೆ ಹೆಚ್ಚುವರಿ ನೀರಿನೊತ್ತಡ 212, ಅದರ 0.53 ಪಟ್ಟು 112. ತಿದ್ದಿದ ಪ್ರತಿರೋಧದಿಂದ ಅಳೆದ ನೀರಿನೊತ್ತಡ ಕಳೆದರೆ 180, ಅದರ 0.60 ಪಟ್ಟು 108. ಮೂರೂ ಒಂದೇ ಕಡೆ ಬಂದು ನಿಂತರೆ ಸಾಮಾನ್ಯ ಜೇಡಿಮಣ್ಣು. ನೀರಿನೊತ್ತಡದ ಲೆಕ್ಕವೊಂದೇ ಮೇಲೇರಿ, 0.60ರದು ಕೆಳಗುಳಿದರೆ ಕದಡಿದೊಡನೆ ಸತ್ವ ಕಳೆದುಕೊಳ್ಳುವ ಮಣ್ಣೇ ಎಂದು ವಿಚಾರಿಸಿ. ತಿರುಗುಮುರುಗಾದರೆ ಸಾವಯವ ಅಂಶ ಹೆಚ್ಚಿರಬಹುದು. ಲಂಡನ್‌ನಂಥ ಬಿರುಕುಗಳಿರುವ ಗಟ್ಟಿ ಮಣ್ಣಿಗೆ 0.33 ತೀರಾ ಕಡಿಮೆಯಾಗುತ್ತದೆ.

ಉತ್ತರ ಕರ್ನಾಟಕದ ಎರೆ ಮಣ್ಣಿನ ಒಣ ಮೇಲ್ಪದರಕ್ಕೆ ಈ ಸೂತ್ರಗಳನ್ನು ಹಚ್ಚಲು ಹೋಗಬೇಡಿ. ಅಲ್ಲಿ ಮಣ್ಣನ್ನು ಬಿಗಿಗೊಳಿಸಿದ್ದು ಬೇಸಿಗೆಯ ಒಣಗುವಿಕೆ, ಹಿಂದಿನ ಭಾರವಲ್ಲ. ರಂಧ್ರಗಳಲ್ಲಿ ಗಾಳಿಯೂ ಇರುವುದರಿಂದ ನೀರಿನೊತ್ತಡದ ಅಳತೆಗೆ ಅರ್ಥವೇ ಇರುವುದಿಲ್ಲ. ನೀರು ತುಂಬಿದ ಮಣ್ಣಿನಲ್ಲೂ ಓಸಿಆರ್ 1.5 ಬಂದ ಮಾತ್ರಕ್ಕೆ ಮೇಲೆ ಗುಡ್ಡವಿತ್ತು ಎನ್ನಲಾಗದು: ವಯಸ್ಸಾದಂತೆ ಜೇಡಿಮಣ್ಣು ತಾನೇ ಬಿಗಿಯುತ್ತದೆ, ಅಂತರ್ಜಲ ಇಳಿದು ಏರಿದ್ದರೂ ಇದೇ ಗುರುತು ಉಳಿಯುತ್ತದೆ.

ಕೊನೆಗೆ, ಒಂದೆರಡು ಆಳಗಳಿಂದ ಒಳ್ಳೆಯ ಮಾದರಿ ತೆಗೆಸಿ ಈಡೋಮೀಟರ್ ಪರೀಕ್ಷೆ ಮಾಡಿಸಿ. ಅದರ ಉತ್ತರವನ್ನು ಅದೇ ಆಳದ ನಿವ್ವಳ ಪ್ರತಿರೋಧದಿಂದ ಭಾಗಿಸಿದರೆ ಆ ಜಾಗದ ಸ್ವಂತ ಗುಣಾಂಕ ಸಿಗುತ್ತದೆ. ಅದೇ ಪದರದ ಉಳಿದ ಕೋನ್ ದಾಖಲೆಗಳಿಗೆಲ್ಲ 0.33ರ ಬದಲು ಅದನ್ನೇ ಬಳಸಿ.