ಹಿಡಿ ಕೂರಿಸುವ ಮೊದಲು ಅಲಗು ನೋಡಿ

ಚಾಕು ತಯಾರಿಕೆಯ ಹವ್ಯಾಸಕ್ಕೆ ಇಳಿಯುವವರಲ್ಲಿ ಹೆಚ್ಚಿನವರು ಮೊದಲು ಮಾಡುವುದು ಇಷ್ಟೇ: ಆನ್‌ಲೈನ್‌ನಲ್ಲಿ ಸಿದ್ಧ ಅಲಗು ತರಿಸಿ, ಅದಕ್ಕೆ ತಾವೇ ಮರದ ಹಿಡಿ ಹಾಕುವುದು. ಒಳ್ಳೆಯ ದಾರಿಯೇ. ಕುಲುಮೆ ಬೇಡ, ಸುತ್ತಿಗೆ ಬೇಡ. ಆದರೆ ಅಲಗು ಕಳಪೆಯಾದರೆ ಹಿಡಿಗೆ ಪಟ್ಟ ಕಷ್ಟವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ನನ್ನ ಮೊದಲ ಚಾಕುವಿಗೆ ಹಾಗೇ ಆಯಿತು. ಎರಡು ಭಾನುವಾರ ಕೂತು ಹಿಡಿ ಉಜ್ಜಿದ್ದೆ. ನಾಲ್ಕು ಕ್ಯಾರೆಟ್ ಹೆಚ್ಚುವಷ್ಟರಲ್ಲಿ ಬಾಯಿ, ಅಂದರೆ ಅಲಗಿನ ಹರಿತವಾದ ಅಂಚು, ಒಂದು ಕಡೆಗೆ ಮಡಚಿಕೊಂಡಿತು. ಸಾಣೆ ಹಿಡಿದೆ, ಮತ್ತೆ ಮಡಚಿತು. ಎಪಾಕ್ಸಿ ಅಂಟು ಗಟ್ಟಿಯಾದ ಮೇಲೆ ವಾಪಸ್ ಕಳಿಸೋಕಾಗಲ್ಲ, ಅಲ್ವಾ? ಅದಕ್ಕೇ ಪರೀಕ್ಷೆಯೆಲ್ಲ ಅಂಟು ಹಾಕುವ ಮೊದಲೇ ಮುಗಿಯಬೇಕು.

ಕೊಳ್ಳುವಾಗ ವಿವರಣೆಯನ್ನು ನಿಧಾನವಾಗಿ ಓದಿ. 'ಹೈ ಕಾರ್ಬನ್ ಸ್ಟೀಲ್' ಎಂದು ಬರೆದಿದ್ದರೆ ಸಾಲದು, ಅದು ಉಕ್ಕಿನ ಹೆಸರಲ್ಲ. 1095, 80ಸಿಆರ್‌ವಿ2, ಡಿ2, ವಿಜಿ-10 ಹೀಗೆ ನಿರ್ದಿಷ್ಟ ಹೆಸರು ಇರಬೇಕು. ಬರೀ '440' ಎಂದಿದ್ದರೆ ಎ, ಬಿ, ಸಿಗಳಲ್ಲಿ ಯಾವುದೆಂದು ಕೇಳಿ. 440ಸಿಯಲ್ಲಿ ಇಂಗಾಲ ಸುಮಾರು ಶೇ 1ರಷ್ಟು ಇರುತ್ತದೆ, 440ಎಯಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ. ಜೊತೆಗೆ ಗಡಸುತನದ ಅಂಕಿಯನ್ನೂ ಕೇಳಿ. ಅಡುಗೆಮನೆಯ ಚಾಕುವಿಗೆ ರಾಕ್‌ವೆಲ್ ಸಿ ಅಳತೆಯಲ್ಲಿ 58ರಿಂದ 60 ಇದ್ದರೆ ಚೆನ್ನ. ನನ್ನ ಪ್ರಕಾರ ಉಕ್ಕಿನ ಹೆಸರಿಗಿಂತ ಈ ಅಂಕಿಯೇ ಮುಖ್ಯ. ಎಷ್ಟೇ ಒಳ್ಳೆಯ ಉಕ್ಕಾದರೂ ಹದ, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡುವ ಕೆಲಸ, ತಪ್ಪಿದರೆ ಪ್ರಯೋಜನವಿಲ್ಲ.

ಅಲಗು ಕೈಗೆ ಬಂದ ಕೂಡಲೇ ಬಾಯಿಗೆ ದಪ್ಪ ಟೇಪ್ ಸುತ್ತಿ. ಆಮೇಲೆ ಬೆನ್ನು ಮೇಲಾಗಿರುವಂತೆ ಕಣ್ಣಿನ ಮಟ್ಟಕ್ಕೆ ಹಿಡಿದು, ಬುಡದಿಂದ ತುದಿಯವರೆಗೆ ನೋಡಿ. ಸೊಟ್ಟಗಿದ್ದರೆ ಗೊತ್ತಾಗುತ್ತದೆ. ಸೊಟ್ಟಗಿದ್ದರೆ ಬಗ್ಗಿಸಿ ನೇರ ಮಾಡಲು ಹೋಗಬೇಡಿ. ಹದ ಕೊಟ್ಟ ಉಕ್ಕು ಲಟಕ್ಕನೆ ಮುರಿಯಬಹುದು. ಹಾಗೇ ವಾಪಸ್ ಕಳಿಸಿ.

ಈಗ ಅರದ (ಫೈಲ್) ಪರೀಕ್ಷೆ. ಇದನ್ನು ಮಾತ್ರ ಯಾರೂ ಬಿಡಬಾರದು. ಬಾಯಿಗೆ ಸ್ವಲ್ಪ ಮೇಲೆ, ಬುಡದ ಹತ್ತಿರ, ಅರವನ್ನು ಹಗುರವಾಗಿ ತಳ್ಳಿ. ಗಟ್ಟಿ ಅಲಗಿನ ಮೇಲೆ ಅದು ಗಾಜಿನ ಮೇಲೆ ಜಾರಿದ ಹಾಗೆ ಕಿರ್ರೆಂದು ಜಾರುತ್ತದೆ. ಮೆತ್ತನೆಯ ಅಲಗನ್ನು ಕಚ್ಚುತ್ತದೆ, ಹೊಳೆಯುವ ಪುಡಿ ಉದುರುತ್ತದೆ. ಆದರೆ ಮೊದಲ ಸಲಕ್ಕೇ ತೀರ್ಮಾನ ಬೇಡ. ಹದ ಕೊಡುವಾಗ ಮೇಲ್ಪದರದ ಇಂಗಾಲ ಸುಟ್ಟುಹೋಗಿ ಅಷ್ಟು ಮಾತ್ರ ಮೆತ್ತಗಾಗಿರಬಹುದು. ಅದೇ ಜಾಗದಲ್ಲಿ ನಾಲ್ಕೈದು ಸಲ ಉಜ್ಜಿ ನೋಡಿ. ಒಳಪದರದ ಮೇಲೆ ಅರ ಜಾರತೊಡಗಿದರೆ ಚಿಂತೆಯಿಲ್ಲ. ಸಾಮಾನ್ಯ ಅರದಿಂದ ತೀರಾ ಮೆತ್ತನೆಯ ಅಲಗನ್ನಷ್ಟೇ ಪತ್ತೆ ಹಚ್ಚಬಹುದು. ಗಡಸುತನ ಅಳೆಯಲೆಂದೇ ರಾಕ್‌ವೆಲ್ ಸಿ 40ರಿಂದ 65ರವರೆಗಿನ ಅರಗಳ ಸೆಟ್ ಸಿಗುತ್ತದೆ. 55ರ ಅರ ಗೀರದೆ, 60ರದ್ದು ಗೀರಿದರೆ ನಿಮ್ಮ ಅಲಗು ಆ ನಡುವೆ ಇದೆ ಎಂದರ್ಥ.

ವರ್ನಿಯರ್ ಕ್ಯಾಲಿಪರ್ ಇದ್ದರೆ ಬಾಯಿಯ ಹಿಂದಿನ ದಪ್ಪವನ್ನೂ ಅಳೆಯಿರಿ. ತರಕಾರಿ ಹೆಚ್ಚುವ ಚಾಕುವಿಗೆ ಅರ್ಧ ಮಿಲಿಮೀಟರ್ ಒಳಗಿದ್ದರೆ ಒಳ್ಳೆಯದು. ಒಂದು ಮಿಲಿಮೀಟರ್ ಇದ್ದರೆ ಅದು ಹೆಚ್ಚುವುದಿಲ್ಲ, ಸೀಳುತ್ತದೆ.

ಡಮಾಸ್ಕಸ್ ಅಲಗಾದರೆ, ಅಂದರೆ ಬೇರೆ ಬೇರೆ ಉಕ್ಕಿನ ಪದರ ಬೆಸೆದು ಗೆರೆ ಮೂಡಿಸಿದ್ದಾದರೆ, ಇನ್ನೂ ಹುಷಾರಾಗಿರಿ. ಲೇಸರ್‌ನಲ್ಲಿ ಕೊರೆದ ಸುಳ್ಳು ಗೆರೆಗಳು ಜಾಸ್ತಿ. ಮೊದಲು ಬೆನ್ನು ನೋಡಿ. ಪದರಗಳು ನಿಜವಾದರೆ ಬೆನ್ನಿನ ಮೇಲೂ ಗೆರೆಗಳು ಕಾಣಬೇಕು. ಅನುಮಾನ ಉಳಿದರೆ, ಹಿಡಿಯೊಳಗೆ ಮುಚ್ಚಿಹೋಗುವ ಜಾಗದಲ್ಲಿ ಸ್ವಲ್ಪ ಉಜ್ಜಿ ಗೆರೆ ಅಳಿಸಿ. ಗ್ಲೌಸ್ ಹಾಕಿಕೊಂಡು, ನೀರು ಬೆರೆಸಿದ ಫೆರಿಕ್ ಕ್ಲೋರೈಡ್ ಅಲ್ಲಿ ಹಚ್ಚಿ. ಅಸಲಿಯಾದರೆ ಕೆಲವು ನಿಮಿಷದಲ್ಲಿ ಗೆರೆ ಮತ್ತೆ ಏಳುತ್ತದೆ: ಉದಾಹರಣೆಗೆ, ನಿಕಲ್ ಇರುವ 15ಎನ್20 ಉಕ್ಕಿನ ಪದರ ಬೆಳ್ಳಗೆ ಉಳಿಯುತ್ತದೆ, 1095 ಕಪ್ಪಾಗುತ್ತದೆ. (ಹಳೆಯ ಕಾಲದ ಡಮಾಸ್ಕಸ್ ಕತ್ತಿಗಳ ವೂಟ್ಜ್ ಬೇರೆಯೇ ಉಕ್ಕು. ವೂಟ್ಜ್ ಎಂಬ ಹೆಸರು ನಮ್ಮ 'ಉಕ್ಕು' ಪದದಿಂದಲೇ ಬಂತು ಎನ್ನುತ್ತಾರೆ. ನನಗಂತೂ ಕೇಳಿದಾಗಲೆಲ್ಲ ಖುಷಿಯಾಗುತ್ತದೆ.)

ಕೊನೆಗೆ ಹಿಡಿಯೊಳಗೆ ಹೋಗುವ ಭಾಗ, ಅಂದರೆ ಟ್ಯಾಂಗ್. ಅದು ಅಲಗಿಗೆ ಸೇರುವ ಮೂಲೆ ದುಂಡಗಿರಬೇಕು. ಚೂಪಾದ ಮೂಲೆಯಿದ್ದರೆ ಬಿರುಕು ಶುರುವಾಗುವುದೇ ಅಲ್ಲಿಂದ. ಪಿನ್ನುಗಳನ್ನು ತೂತುಗಳಲ್ಲಿ ಹಾಕಿ ನೋಡಿ. ತೂತು ದೊಡ್ಡದು ಮಾಡಬೇಕಾಗಿ ಬಂದು, ಟ್ಯಾಂಗ್ ಕೂಡ ಗಟ್ಟಿಯಾಗಿದ್ದರೆ ಸಾದಾ ಡ್ರಿಲ್ ಬಿಟ್ ಸುಮ್ನೆ ಸವೆಯುತ್ತದೆ. ಕಾರ್ಬೈಡ್ ಬಿಟ್ ಬೇಕು. ಅಲಗನ್ನು ಯಂತ್ರದಲ್ಲಿ ಉಜ್ಜುವಾಗ ಆಗಾಗ ನೀರಲ್ಲಿ ಅದ್ದಿ. ಉಕ್ಕು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಆ ಜಾಗದ ಹದ ಹೋಯಿತೆಂದೇ ಲೆಕ್ಕ.

ಇಷ್ಟರಲ್ಲೂ ಪಾಸಾದ ಅಲಗಿನ ಟ್ಯಾಂಗ್ ಅನ್ನು ಒರಟು ಕಾಗದದಲ್ಲಿ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ. ಇನ್ನು ಎಪಾಕ್ಸಿ ಕಲಸಬಹುದು.