ಪಲ್ಯ ಊಟಕ್ಕೆ, ರೊಟ್ಟಿ ನಂಚಿಕೊಳ್ಳಲು

ದಾವಣಗೆರೆಯವರ ದಿನಚರಿ ಬಲ್ಲವರಿಗೆ ನನ್ನ ತೂಕ ಹೇಗೆ ಏರಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ದೋಸೆ, ಇಲ್ಲಾಂದ್ರೆ ಉಪ್ಪಿಟ್ಟು. ಹನ್ನೊಂದಕ್ಕೆ ಆಫೀಸಿನಲ್ಲಿ ಚಹಾ, ಬಿಸ್ಕತ್ತು. ಮಧ್ಯಾಹ್ನ ಡಬ್ಬಿಯಲ್ಲಿ ಎರಡು ಜೋಳದ ರೊಟ್ಟಿ, ಅದರ ಮೇಲೆ ಅನ್ನ, ಸಾರು. ಸಂಜೆ ಮನೆ ಮುಟ್ಟುವಷ್ಟರಲ್ಲಿ ಅತ್ತೆ ಖಾರ ಮಂಡಕ್ಕಿ ಕಲಸಿಟ್ಟಿರುತ್ತಿದ್ದರು. ವಾರಕ್ಕೊಮ್ಮೆಯಾದರೂ ಜೊತೆಗೆ ಬಿಸಿ ಮೆಣಸಿನಕಾಯಿ. ರಾತ್ರಿ ಮತ್ತೆ ಅನ್ನ. ಇದರಲ್ಲಿ ಪಿಜ್ಜಾ ಇಲ್ಲ, ಬರ್ಗರ್ ಇಲ್ಲ, ಕೋಲಾ ಇಲ್ಲ. ನಾವು ಮೊಟ್ಟೆಯನ್ನೂ ಮುಟ್ಟದ ಮನೆಯವರು. ಅಪ್ಪಟ ಮನೆ ಊಟ.

ನಲವತ್ತಾರಕ್ಕೆ ತೂಕ 79 ಕೆಜಿ ಆಗಿತ್ತು, ಎತ್ತರ ಐದಡಿ ಎರಡಿಂಚು. ಮಂಡಿನೋವು, ಮಧ್ಯಾಹ್ನ ಊಟವಾದ ಮೇಲೆ ಕಂಪ್ಯೂಟರ್ ಮುಂದೆ ತೂಕಡಿಕೆ, ಎರಡನೇ ಮಹಡಿ ಹತ್ತುವಾಗ ಏದುಸಿರು. ವಯಸ್ಸಾಯ್ತಲ್ಲ ಅಂತ ಎಲ್ಲರೂ ಹೇಳುವ ಮಾತನ್ನೇ ನಾನೂ ಹೇಳಿಕೊಳ್ಳುತ್ತಿದ್ದೆ. ರಕ್ತಪರೀಕ್ಷೆಗೆ ಬರೆದುಕೊಡುವಾಗ ಡಾಕ್ಟರಮ್ಮ ನನ್ನ ಕತ್ತಿನ ಹಿಂಭಾಗ ನೋಡಿ, "ಈ ಕಪ್ಪು ಎಷ್ಟು ದಿನದಿಂದ?" ಅಂತ ಕೇಳಿದರು. ಸರ ತಿಕ್ಕಿ ಕಪ್ಪಾಗಿದೆ ಅಂತ ನಾನು ಕಡಲೆಹಿಟ್ಟು, ಅರಿಶಿನ ಹಚ್ಚಿ ಉಜ್ಜುತ್ತಿದ್ದ ಜಾಗ ಅದು. ಸಕ್ಕರೆ ಇಳಿಸುವ ಹಾರ್ಮೋನು ಇನ್ಸುಲಿನ್ ರಕ್ತದಲ್ಲಿ ಸದಾ ಹೆಚ್ಚಿದ್ದರೆ ಕತ್ತು, ಕಂಕುಳಿನ ಚರ್ಮ ಹೀಗೆ ಕಪ್ಪಾಗಿ ದಪ್ಪಗಾಗುತ್ತದಂತೆ. ರಿಪೋರ್ಟ್ ಬಂದಾಗ ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ, 6.3. 5.7ರಿಂದ 6.4ರವರೆಗೆ ಪ್ರಿ-ಡಯಾಬಿಟಿಸ್, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ರಕ್ತದಲ್ಲಿನ ಕೊಬ್ಬು ಟ್ರೈಗ್ಲಿಸರೈಡ್ 246, ಒಳ್ಳೆಯ ಕೊಲೆಸ್ಟರಾಲ್ ಅನ್ನುವ ಎಚ್‌ಡಿಎಲ್ 38. ಸ್ಕ್ಯಾನಿಂಗ್‌ನಲ್ಲಿ ಲಿವರ್‌ಗೆ ಕೊಬ್ಬು ಸೇರಿತ್ತು. "ಮಾತ್ರೆ ಈಗಲೇ ಬೇಡ, ಅನ್ನ-ರೊಟ್ಟಿ ಇಳಿಸಿ, ಮೂರು ತಿಂಗಳು ಬಿಟ್ಟು ನೋಡೋಣ" ಅಂದರು.

ಅನ್ನ ಇಳಿಸೋದು ಅಂದ ಕೂಡಲೇ ಸುತ್ತಲಿನವರು ಕೊಡುವ ಸಲಹೆ ಒಂದೇ: ಅನ್ನ ಬಿಡು, ಜೋಳ ತಿನ್ನು, ರಾಗಿ ತಿನ್ನು. ನಾನು ಅಡುಗೆಮನೆಗೊಂದು ಡಿಜಿಟಲ್ ತಕ್ಕಡಿ ತಂದು ಲೆಕ್ಕಕ್ಕೆ ಕೂತೆ. ಆಫೀಸಿನಲ್ಲಿ ಇಡೀ ದಿನ ಲೆಕ್ಕವೇ ನೋಡುವವಳು, ಇದೇನೂ ಕಷ್ಟವಾಗಲಿಲ್ಲ. ನೂರು ಗ್ರಾಂ ಅಕ್ಕಿಯಲ್ಲಿ ಕಾರ್ಬ್, ಅಂದರೆ ಪಿಷ್ಟ-ಸಕ್ಕರೆಯ ಕಾರ್ಬೋಹೈಡ್ರೇಟ್, ಸುಮಾರು 78 ಗ್ರಾಂ. ಜೋಳ, ರಾಗಿಯಲ್ಲಿ 70ರ ಆಸುಪಾಸು. ನಾರು ಹೆಚ್ಚು, ರಾಗಿಯಲ್ಲಿ ಸುಣ್ಣದ ಅಂಶ ಭರ್ಜರಿ, ಅದೆಲ್ಲ ನಿಜ. ಆದರೆ ನಮ್ಮನೆಯ ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು ಹಿಡಿಯುತ್ತಿತ್ತು. ಎರಡು ರೊಟ್ಟಿ ಅಂದರೆ 80 ಗ್ರಾಂ ಕಾರ್ಬ್, ಮೇಲೆ ಅನ್ನ ಬೇರೆ. ಬೆಳಗಿನಿಂದ ರಾತ್ರಿವರೆಗೆ ಕೂಡಿದರೆ 350 ದಾಟಿತು. ಪ್ರೊಟೀನ್ ಮಾತ್ರ ನಲವತ್ತು ಗ್ರಾಂ ಮುಟ್ಟಲು ಒದ್ದಾಡುತ್ತಿತ್ತು.

ಇದು ನನ್ನೊಬ್ಬಳ ತಟ್ಟೆಯ ಕಥೆಯಲ್ಲ ಅಂತ ಆಮೇಲೆ ತಿಳಿಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, ನನ್ನ ಹಾಗೆ ಅಂಚಿನಲ್ಲಿ ಇರುವವರು 13.6 ಕೋಟಿ. ಅದೇ ಸಮೀಕ್ಷೆಯ ಆಹಾರದ ಭಾಗ 2025ರಲ್ಲಿ ಪ್ರಕಟವಾಯಿತು. ಭಾರತೀಯರಿಗೆ ಸಿಗುವ ಕ್ಯಾಲೊರಿಯಲ್ಲಿ ಶೇ 62ರಷ್ಟು ಕಾರ್ಬ್‌ನಿಂದಲೇ ಬರುತ್ತದೆ. ಅದರಲ್ಲಿ ನನಗೆ ತುಂಬ ಮುಖ್ಯ ಅನ್ನಿಸಿದ ಮಾತು ಇನ್ನೊಂದಿದೆ: ಅಕ್ಕಿಯ ಜಾಗಕ್ಕೆ ಗೋಧಿಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದರೆ ಸಾಲದು, ಒಟ್ಟು ಕಾರ್ಬೇ ಇಳಿದು ಆ ಜಾಗಕ್ಕೆ ಬೇಳೆಕಾಳು, ಹಾಲು-ಮೊಸರಿನ ಪ್ರೊಟೀನ್ ಬಂದರೆ ಅಪಾಯ ತಗ್ಗುತ್ತದೆ. ಸಿರಿಧಾನ್ಯದ ಹೆಸರಿನಲ್ಲಿ ಮಾರುವ ಬಿಸ್ಕತ್ತು, ನೂಡಲ್ಸ್ ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ದಿನಕ್ಕೆ 130 ಗ್ರಾಂಗಿಂತ ಕಡಿಮೆ ಕಾರ್ಬ್ ಇದ್ದರೆ ಲೋ-ಕಾರ್ಬ್ ಅನ್ನುತ್ತಾರೆ. 50ಕ್ಕಿಂತ ಕೆಳಗಿಳಿದರೆ ಕೀಟೊ. ಕೀಟೊ ಹುಟ್ಟಿದ್ದೇ 1920ರ ದಶಕದಲ್ಲಿ ಮೂರ್ಛೆರೋಗದ ಚಿಕಿತ್ಸೆಗೆ. ಆ ಮಟ್ಟ ನನಗೆ ಬೇಕಿರಲಿಲ್ಲ. ಬಾದಾಮಿ ಹಿಟ್ಟಿನ ರೊಟ್ಟಿ, ಹೂಕೋಸಿನ 'ಅನ್ನ' ಅಂತ ಮನೆಯಲ್ಲಿ ಎರಡೆರಡು ಅಡುಗೆ ಮಾಡಿಕೊಂಡು ಕೂರುವ ಪುರುಸೊತ್ತೂ ಇಲ್ಲ, ಆಸೆಯೂ ಇಲ್ಲ. ನೂರು ಗ್ರಾಂ ಆಸುಪಾಸಿನಲ್ಲಿ ಇರೋಣ, ಮನೆಯವರಿಗೆಲ್ಲ ಮಾಡುವ ಅಡುಗೆಯಲ್ಲೇ ನನ್ನ ತಟ್ಟೆಯ ಪಾಲು ತಿರುಗಿಸೋಣ ಅಂದುಕೊಂಡೆ. ಇಷ್ಟು ದಿನ ರೊಟ್ಟಿ ಊಟ, ಪಲ್ಯ ನಂಚಿಕೊಳ್ಳಲು. ಇನ್ನು ಮೇಲೆ ಪಲ್ಯ ಊಟ, ರೊಟ್ಟಿ ನಂಚಿಕೊಳ್ಳಲು.

ಹೇಳೋದು ಸುಲಭ. ರೊಟ್ಟಿ ಬಡಿಯುವವರು ಅತ್ತೆ. ಅವರ ಕೈ ಅಳತೆ ಐವತ್ತು ವರ್ಷದ್ದು. ಎಸರು ಕುದಿಸಿ ಹಿಟ್ಟು ನಾದಿ ಉಂಡೆ ಹಿಡಿದರೆ ಪ್ರತಿ ಉಂಡೆಯೂ ಒಂದೇ ಗಾತ್ರ. "ಚಿಕ್ಕದು ಹಿಡೀರಿ ಅತ್ತೆ" ಅಂದರೆ, "ಅಂಗೈಯಷ್ಟು ರೊಟ್ಟಿ ತಿಂದ್ರೆ ಜೀವ ಹೆಂಗ್ ತಡಿತೈತವ್ವಾ?" ಅಂತ ಅವರ ಸಂಕಟ. ದಾರಿ ತೋರಿಸಿದ್ದು ಖಡಕ್ ರೊಟ್ಟಿ. ತೆಳ್ಳಗೆ ಬಡಿದು ಒಣಗಿಸಿದ ರೊಟ್ಟಿ ತಕ್ಕಡಿಗಿಟ್ಟರೆ ಸುಮಾರು 30 ಗ್ರಾಂ, ಅಂದರೆ 20 ಗ್ರಾಂ ಕಾರ್ಬ್ ಚಿಲ್ಲರೆ. ತಟ್ಟೆ ತುಂಬ ಅಗಲ ಕಾಣುತ್ತದೆ, ಮುರಿದರೆ ಸಪ್ಪಳ ಬರುತ್ತದೆ, ಅತ್ತೆಗೂ ಸಮಾಧಾನ. ಮಧ್ಯಾಹ್ನ ಅಂಥದ್ದೊಂದು. ಅದರ ಸುತ್ತ ಬದನೆಕಾಯಿ ಎಣ್ಣೆಗಾಯಿ, ಯಾವುದಾದರೂ ಸೊಪ್ಪಿನ ಪಲ್ಯ, ಮೊಳಕೆ ಕಟ್ಟಿದ ಮಡಕೆಕಾಳಿನ ಉಸಲಿ, ಹಸಿ ಸೌತೆಕಾಯಿ, ಮೂಲಂಗಿ, ಮೆಂತ್ಯದ ಸೊಪ್ಪು, ಶೇಂಗಾ ಚಟ್ನಿಪುಡಿಗೆ ಗಟ್ಟಿ ಮೊಸರು. ಉತ್ತರ ಕರ್ನಾಟಕದ ಕಡೆಯ ಊಟದಲ್ಲಿ ಇದೆಲ್ಲ ಮೊದಲಿನಿಂದ ಇದ್ದದ್ದೇ. ಇಷ್ಟು ದಿನ ತಟ್ಟೆಯ ಅಂಚಿನಲ್ಲಿತ್ತು, ಅಷ್ಟೇ.

ಸಸ್ಯಾಹಾರಿಗಳಿಗೆ ನಿಜವಾದ ತಲೆನೋವು ಪ್ರೊಟೀನು. ಮೀನು, ಮೊಟ್ಟೆ ತಿನ್ನುವವರಿಗೆ ಇದು ಅರ್ಧ ಕೆಲಸ. ಮೊಟ್ಟೆಯಲ್ಲಿ ಕಾರ್ಬ್ ಒಂದು ಗ್ರಾಂ ಕೂಡ ಇಲ್ಲ, ಪ್ರೊಟೀನ್ ಆರು ಗ್ರಾಂ. ನಾವು ನೆಚ್ಚುವ ಬೇಳೆಯಲ್ಲಿ ಪ್ರೊಟೀನಿನ ಎರಡೂವರೆ ಪಟ್ಟು ಕಾರ್ಬ್ ಇರುತ್ತದೆ: ನೂರು ಗ್ರಾಂ ತೊಗರಿಬೇಳೆಯಲ್ಲಿ 21 ಗ್ರಾಂ ಪ್ರೊಟೀನ್, 55 ಗ್ರಾಂ ಕಾರ್ಬ್. ಅದಕ್ಕೇ ಬೇಳೆಕಾಳು ತಿನ್ನುವಾಗ ರೊಟ್ಟಿ-ಅನ್ನಕ್ಕೆ ಹೆಚ್ಚು ಜಾಗ ಇರೋದಿಲ್ಲ; ಎರಡನ್ನೂ ಹೊಟ್ಟೆತುಂಬ ಹಿಡಿದರೆ ಲೆಕ್ಕ ತಪ್ಪುತ್ತದೆ. ನನ್ನ ಹಂಚಿಕೆ ಹೀಗೆ ನಿಂತಿತು. ಬೆಳಿಗ್ಗೆ ಹಿಡಿ ಹೆಸರುಕಾಳು ನೆನೆಸಿ, ಹಸಿಮೆಣಸು, ಶುಂಠಿ, ಜೀರಿಗೆ ಹಾಕಿ ರುಬ್ಬಿದ ದೋಸೆ ಎರಡು, ಒಳಗೆ ಪುಡಿಮಾಡಿದ ಪನೀರ್, ಈರುಳ್ಳಿ. ನೂರು ಗ್ರಾಂ ಪನೀರ್‌ನಲ್ಲಿ 18 ಗ್ರಾಂ ಪ್ರೊಟೀನ್. ಸಂಜೆ ಮಂಡಕ್ಕಿ ಜಾಗಕ್ಕೆ ಹುರಿದ ಶೇಂಗಾ ಒಂದು ಹಿಡಿ, ಉಪ್ಪು ಹಾಕಿದ ಮಜ್ಜಿಗೆ. ರಾತ್ರಿ ಗಟ್ಟಿ ಸೊಪ್ಪಿನ ಸಾರು, ಒಂದು ಬಟ್ಟಲು ಮೊಸರು, ವಾರಕ್ಕೆರಡು ಸಲ ಸೋಯಾ ಚಂಕ್ಸ್ ಹಾಕಿದ ಪಲ್ಯ. ಸೋಯಾ ನನಗೆ ಇವತ್ತಿಗೂ ಇಷ್ಟವಿಲ್ಲ, ಖಾರ ಜಾಸ್ತಿ ಹಾಕಿ ನುಂಗುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುವ ಗ್ಲುಕೋಮೀಟರ್. ಮೊದಲ ತುತ್ತಿನಿಂದ ಒಂದು ಗಂಟೆಗೆ ಒಮ್ಮೆ, ಎರಡು ಗಂಟೆಗೆ ಇನ್ನೊಮ್ಮೆ ಚುಚ್ಚಿ ಬರೆದಿಡುತ್ತಿದ್ದೆ. ಬೆರಳ ತುದಿಯ ನಡುವೆ ಚುಚ್ಚಬೇಡಿ, ಪಕ್ಕದಲ್ಲಿ ಚುಚ್ಚಿ, ನೋವು ಕಡಿಮೆ. ಕೈ ತೊಳೆದು ಒರೆಸಿಕೊಂಡೇ ಚುಚ್ಚಿ. ಹಣ್ಣು ಹೆಚ್ಚಿದ ಕೈಯಲ್ಲಿ, ಬೆಲ್ಲ ಮುಟ್ಟಿದ ಬೆರಳಲ್ಲಿ ಸುಳ್ಳು ಸಂಖ್ಯೆ ಬರುತ್ತದೆ. ಒಂದು ತಟ್ಟೆ ಮಂಡಕ್ಕಿಗೆ ಒಂದು ಗಂಟೆಯಲ್ಲಿ 196. ಊದಿದರೆ ಹಾರುವ ಮಂಡಕ್ಕಿ! ಅದು ಹಗುರ ಕಾಣೋದು ಉಬ್ಬಿದ್ದಕ್ಕೆ, ಒಳಗಿರುವುದು ಅಕ್ಕಿಯೇ, ಉಬ್ಬಿದ್ದರಿಂದಲೇ ಬೇಗ ಜೀರ್ಣವಾಗಿ ರಕ್ತ ಸೇರುತ್ತದೆ. ಸಕ್ಕರೆ ಹಾಕದ ರಾಗಿ ಗಂಜಿ 178. ಹೆಸರುಕಾಳು ದೋಸೆ 132. ಬೆಣ್ಣೆ ದೋಸೆಯಲ್ಲಿ ಬೆಣ್ಣೆಗೆ ಹೆದರುತ್ತಿದ್ದವಳಿಗೆ, ಸಕ್ಕರೆ ಏರಿಸೋದು ಬೆಣ್ಣೆಯಲ್ಲ ದೋಸೆ ಅಂತ ಯಂತ್ರ ತೋರಿಸಿಕೊಟ್ಟಿತು. ಅದೇ ರೊಟ್ಟಿ, ಅದೇ ಪಲ್ಯ ತಿಂದರೂ ಹಸಿ ತರಕಾರಿ, ಕಾಳು ಮೊದಲು ತಿಂದು ರೊಟ್ಟಿ ಕೊನೆಗೆ ಮುಟ್ಟಿದ ದಿನ ಇಪ್ಪತ್ತು-ಇಪ್ಪತ್ತೈದು ಅಂಕಿ ಕಡಿಮೆ ಬರುತ್ತಿತ್ತು. ಖರ್ಚಿಲ್ಲದ ಉಪಾಯ ಅಂದರೆ ಇದು.

ಮೊದಲ ವಾರ ತೂಕ ಎರಡು ಕೆಜಿ ಇಳಿದಾಗ ಮನೆಯಲ್ಲಿ ಸಂಭ್ರಮ. ಅದು ಕೊಬ್ಬಲ್ಲ, ನೀರು. ದೇಹ ಕಾರ್ಬನ್ನು ಗ್ಲೈಕೋಜನ್ ಆಗಿ ಕೂಡಿಡುವಾಗ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆ ದಾಸ್ತಾನು ಖಾಲಿಯಾದಾಗ ನೀರೂ ಹೋಗುತ್ತದೆ. ಇನ್ಸುಲಿನ್ ಇಳಿದಾಗ ಮೂತ್ರದಲ್ಲಿ ಉಪ್ಪೂ ಹೋಗುತ್ತದೆ. ಆ ವಾರದ ತಲೆನೋವು, ಎದ್ದು ನಿಂತಾಗ ಬರುವ ತಲೆಸುತ್ತು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು ಅದರದ್ದೇ. ನನಗೆ ಬಿಪಿ ಮಾತ್ರೆ ಇರಲಿಲ್ಲವಾದ್ದರಿಂದ ಉಪ್ಪು ಮಜ್ಜಿಗೆಯಲ್ಲೇ ಸರಿಹೋಯಿತು. ನಾಲ್ಕನೇ ತಿಂಗಳ ಹೊತ್ತಿಗೆ ಕೂದಲು ಉದುರಲು ಶುರುವಾಗಿ ಗಾಬರಿಯಾಯಿತು. ತೂಕ ಬೇಗ ಇಳಿದಾಗ ಹೀಗಾಗುವುದುಂಟು, ಪ್ರೊಟೀನ್ ಸರಿಯಾಗಿದ್ದರೆ ಮತ್ತೆ ಬರುತ್ತದೆ ಅಂದರು ಡಾಕ್ಟರಮ್ಮ. ಬಂತು.

ನಮ್ಮಣ್ಣನ ವಿಷಯ ಹೇಳಲೇಬೇಕು. ನನ್ನ ತೂಕ ಇಳಿದದ್ದು ನೋಡಿ ಯಾರನ್ನೂ ಕೇಳದೆ ಅನ್ನ-ರೊಟ್ಟಿ ಬಿಟ್ಟ. ಅವನಿಗೆ ಹತ್ತು ವರ್ಷದ ಸಕ್ಕರೆ ಕಾಯಿಲೆ, ಗ್ಲಿಮೆಪಿರೈಡ್ ಮಾತ್ರೆ ನಡೆಯುತ್ತಿತ್ತು. ಎರಡನೇ ದಿನವೇ ಮೈಯೆಲ್ಲ ಬೆವೆತು, ಕೈಕಾಲು ನಡುಗಿ, ಮಾತು ತೊದಲಿತು. ಅತ್ತಿಗೆ ಸಕ್ಕರೆ ನೀರು ಕುಡಿಸಿ ನೋಡಿದರೆ ಅಷ್ಟಾದ ಮೇಲೂ ರಕ್ತದ ಸಕ್ಕರೆ ಬರೀ 62. ಊಟದಿಂದ ಸಕ್ಕರೆ ಬಂದರೂ ಬರದಿದ್ದರೂ ಆ ಮಾತ್ರೆ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಕಾರ್ಬ್ ತೀರಾ ಇಳಿಸಿದರೆ ರಕ್ತ ಆಮ್ಲೀಯವಾಗುವ ಕೀಟೊಆಸಿಡೋಸಿಸ್ ಆಗಬಹುದು, ಆಗ ಸಕ್ಕರೆ ಪ್ರಮಾಣ ಅಷ್ಟೇನೂ ಹೆಚ್ಚಿರದೆ ಮೋಸ ಹೋಗಬಹುದು. ಬಿಪಿ ಮಾತ್ರೆ, ಕಿಡ್ನಿ ತೊಂದರೆ, ಬಸಿರು, ಬಾಣಂತನ ಇದ್ದವರು ಡಾಕ್ಟರ್ ಹತ್ತಿರ ಮಾತಾಡದೆ ನನ್ನ ತಟ್ಟೆ ನೋಡಿ ಶುರುಮಾಡಬೇಡಿ. ಅಣ್ಣ ಈಗ ಮಾತ್ರೆಯ ಪ್ರಮಾಣ ಸರಿಪಡಿಸಿಕೊಂಡು ನಿಧಾನಕ್ಕೆ ಇಳಿಸುತ್ತಿದ್ದಾನೆ.

ಹಬ್ಬ, ಮದುವೆ ಅಷ್ಟು ಕಷ್ಟವಾಗಲಿಲ್ಲ. ಪಂಕ್ತಿಯಲ್ಲಿ ಕೂತರೆ ಕೋಸಂಬರಿ, ಪಲ್ಯ, ಕಾಳು ಎರಡೆರಡು ಸಲ ಹಾಕಿಸಿಕೊಳ್ಳುತ್ತೇನೆ, ಅನ್ನ ಬರುವಷ್ಟರಲ್ಲಿ ಹೊಟ್ಟೆ ತುಂಬಿರುತ್ತದೆ. ಯುಗಾದಿಗೆ ಹೋಳಿಗೆ ಒಂದು ತಿನ್ನುತ್ತೇನೆ, ತುಪ್ಪ ಜಾಸ್ತಿ ಹಾಕಿಕೊಂಡೇ. ಕಷ್ಟ ಬಂದದ್ದು ಉಪವಾಸದ ದಿನ. ಶ್ರಾವಣ ಸೋಮವಾರ ಅಂದರೆ ಸಾಬೂದಾನಿ ಖಿಚಡಿ, ಬಾಳೆಹಣ್ಣು, ಅವಲಕ್ಕಿ. ಉಪವಾಸಕ್ಕೆ ಕೂತವರ ಕಾರ್ಬ್ ಊಟ ಮಾಡಿದವರಿಗಿಂತ ಹೆಚ್ಚು. ಈಗ ನಾನು ಆ ದಿನ ಮೊಸರು, ಶೇಂಗಾ, ಹಸಿಕೊಬ್ಬರಿಯಲ್ಲೇ ಕಳೆಯುತ್ತೇನೆ. ದೇವರಿಗೆ ಆಕ್ಷೇಪವಿಲ್ಲ, ಓರಗಿತ್ತಿಗೆ ಇದೆ.

ಸಂಜೆ ಕುಂದವಾಡ ಕೆರೆ ಏರಿ ಮೇಲೆ ನಡೆಯುತ್ತೇನೆ. ಮೊದಲೂ ನಡೆಯುತ್ತಿದ್ದೆ, ಬರಿ ನಡಿಗೆಯಿಂದ ತೂಕ ಇಳಿದಿರಲಿಲ್ಲ. ಹೊಸದಾಗಿ ಸೇರಿದ್ದು ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ವ್ಯಾಯಾಮ ಮತ್ತು ಗೋಡೆಗೆ ಕೈಕೊಟ್ಟು ತಳ್ಳುವುದು. ತೂಕ ಇಳಿಯುವಾಗ ಮಾಂಸಖಂಡವೂ ಕರಗುತ್ತದೆ, ನಮ್ಮ ವಯಸ್ಸಿನ ಹೆಂಗಸರಿಗೆ ಅದು ದುಬಾರಿ. ಮಂಡಿನೋವಿಗೆ ತೂಕ ಇಳಿದದ್ದು ಎಷ್ಟು ಕಾರಣವೋ ತೊಡೆ ಗಟ್ಟಿಯಾದದ್ದೂ ಅಷ್ಟೇ ಕಾರಣ ಅಂತ ನನ್ನ ಅಂದಾಜು.

ವರ್ಷ ತುಂಬುವಾಗ ತೂಕ 65ಕ್ಕೆ ಬಂತು, ಅಲ್ಲೇ ನಿಂತಿದೆ. ಎಚ್‌ಬಿಎ1ಸಿ 5.6, ಟ್ರೈಗ್ಲಿಸರೈಡ್ 128, ಎಚ್‌ಡಿಎಲ್ 46. ಕತ್ತಿನ ಕಪ್ಪು ಪೂರ್ತಿ ಹೋಗಿಲ್ಲ, ತೆಳುವಾಗಿದೆ. ಲಿವರ್ ಸ್ಕ್ಯಾನಿಂಗ್ ನಾರ್ಮಲ್. ಕೆಟ್ಟ ಕೊಲೆಸ್ಟರಾಲ್ ಅನ್ನುವ ಎಲ್‌ಡಿಎಲ್ ಮಾತ್ರ 118 ಇದ್ದದ್ದು 137 ಆಗಿದೆ. ಲೋ-ಕಾರ್ಬ್ ಮಾಡುವ ಕೆಲವರಿಗೆ ಹೀಗೆ ಏರುತ್ತದೆ, ಇದನ್ನು ಮುಚ್ಚಿಟ್ಟು ಬರೆಯುವವರೇ ಹೆಚ್ಚು. ಡಾಕ್ಟರಮ್ಮ ಬೆಣ್ಣೆ-ತುಪ್ಪ, ಕೊಬ್ಬರಿ ತಗ್ಗಿಸಿ ಶೇಂಗಾ, ಅಗಸೆ ಚಟ್ನಿಪುಡಿ ಕಡೆ ಹೋಗಿ ಅಂದಿದ್ದಾರೆ. ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಇದೆ. ಅಗಸೆಯನ್ನು ಹುರಿದು ಪುಡಿ ಮಾಡಿಕೊಳ್ಳಿ, ಇಡೀ ಬೀಜ ಹಾಗೇ ತಿಂದರೆ ಜೀರ್ಣವಾಗದೆ ಹೊರಗೆ ಹೋಗುತ್ತದೆ. ಹದಿನೈದು ದಿನಕ್ಕಾಗುವಷ್ಟೇ ಮಾಡಿಟ್ಟುಕೊಂಡರೆ ಕಮಟು ವಾಸನೆ ಬರುವುದಿಲ್ಲ.